ನಿಸರ್ಗ ಚಿತ್ರಕ್ಕೆ ಚೌಕಟ್ಟಿನ ಅನುಪಾತ: ಕ್ಯಾಮೆರಾದಲ್ಲೇ ಆರಿಸಬೇಕೆ, ಮನೆಗೆ ಬಂದು ಕತ್ತರಿಸಬೇಕೆ?

ಪ್ರಶ್ನೆ: ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಮತ್ತು 24–105 ಮಿ.ಮೀ. ಲೆನ್ಸ್ ಇದೆ. ಮಲೆನಾಡು, ಕರಾವಳಿ ಕಡೆ ಹೋದಾಗಲೆಲ್ಲ ನಿಸರ್ಗದ ಚಿತ್ರ ತೆಗೆಯುತ್ತೇನೆ. ಮೆನುವಿನಲ್ಲಿ ಚಿತ್ರದ ಅಗಲ-ಎತ್ತರದ ಅನುಪಾತಕ್ಕೆ 1:1, 4:3, 16:9 ಎಂಬ ಆಯ್ಕೆಗಳಿವೆ. "ಅದನ್ನು ಮುಟ್ಟಲೇಬೇಡ, ಸುಮ್ಮನೆ ಪಿಕ್ಸೆಲ್ ಹಾಳು. ಮನೆಗೆ ಬಂದು ಕ್ರಾಪ್ ಮಾಡಿಕೊಂಡರಾಯಿತು" ಎನ್ನುತ್ತಾರೆ ಸ್ನೇಹಿತರು. ಇದು ಸರಿಯೇ? ಬಳಸುವುದಾದರೆ ಯಾವ ದೃಶ್ಯಕ್ಕೆ ಯಾವುದು ಒಪ್ಪುತ್ತದೆ?

ಉತ್ತರ: ನಿಮ್ಮ ಸ್ನೇಹಿತರ ಮಾತು ಜೆಪೆಗ್ (ಕ್ಯಾಮೆರಾ ತಾನೇ ಸಂಸ್ಕರಿಸಿ ಕೊಡುವ ಚಿತ್ರ) ಮಾತ್ರ ತೆಗೆಯುವವರ ಮಟ್ಟಿಗೆ ಸರಿ. ಜೆಪೆಗ್‌ನಲ್ಲಿ 1:1 ಇಟ್ಟರೆ ಎರಡೂ ಬದಿಯ ಪಿಕ್ಸೆಲ್‌ಗಳು ಕಾರ್ಡಿಗೆ ಬರುವುದೇ ಇಲ್ಲ, ಮತ್ತೆ ಸಿಗುವುದೂ ಇಲ್ಲ. ನೀವು ರಾ ಫೈಲ್ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ತೆಗೆಯುತ್ತೀರಾದರೆ ಹೆಚ್ಚಿನ ಕಂಪನಿಗಳ ಕ್ಯಾಮೆರಾಗಳಲ್ಲಿ ಈ ಭಯ ಬೇಡ. ಆದರೆ ಪಿಕ್ಸೆಲ್ ಲೆಕ್ಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಚೌಕಟ್ಟಿನ ಆಕಾರ ಬದಲಾದರೆ ನೀವು ನಿಲ್ಲಬೇಕಾದ ಜಾಗವೇ ಬದಲಾಗುತ್ತದೆ. ಅದನ್ನು ಮನೆಯಲ್ಲಿ ಕುಳಿತು ಬದಲಾಯಿಸಲು ಬರುವುದಿಲ್ಲ.

ಹೊಳೆ ದಂಡೆಯ ಒಂದು ಬಂಡೆ, ಆಚೆ ದೂರದಲ್ಲಿ ಒಂದು ಗುಡ್ಡ ಎಂದುಕೊಳ್ಳಿ. ಕ್ಯಾಮೆರಾದ ಮೂಲ ಆಕಾರವಾದ 3:2 ಅಡ್ಡ ಚೌಕಟ್ಟಿನಲ್ಲಿ ಬಂಡೆಯನ್ನು ಎಡ ಮೂಲೆಗೂ ಗುಡ್ಡವನ್ನು ಬಲ ಮೂಲೆಗೂ ಇಟ್ಟು ತೆಗೆದಿರಿ. ಮನೆಗೆ ಬಂದು ಚೌಕ ಮಾಡಲು ಹೋದರೆ ಬಂಡೆ ಉಳಿಸಿಕೊಂಡರೆ ಗುಡ್ಡ ಹೋಗುತ್ತದೆ, ಗುಡ್ಡ ಉಳಿಸಿಕೊಂಡರೆ ಬಂಡೆ ಹೋಗುತ್ತದೆ. ಸ್ಥಳದಲ್ಲೇ 1:1 ಇಟ್ಟಿದ್ದರೆ ಈ ತೊಡಕು ಪರದೆಯ ಮೇಲೆ ತಕ್ಷಣ ಕಾಣುತ್ತಿತ್ತು. ನೀವು ನಾಲ್ಕು ಹೆಜ್ಜೆ ಎಡಕ್ಕೆ ಸರಿದು ಬಂಡೆಯನ್ನು ಗುಡ್ಡದ ನೇರಕ್ಕೆ ತರುತ್ತಿದ್ದಿರಿ, ಟ್ರೈಪಾಡ್ ಕಾಲು ಮಡಚಿ ಕೆಳಗಿಳಿಯುತ್ತಿದ್ದಿರಿ. ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಚಿತ್ರದಲ್ಲಿ ಎಷ್ಟು ಅಂತರವಿರಬೇಕು ಎಂಬುದನ್ನು ಟ್ರೈಪಾಡ್ ಊರಿದ ಜಾಗ ನಿರ್ಧರಿಸುತ್ತದೆ. ಕ್ರಾಪ್ ಮಾಡುವುದರಿಂದ ಆ ಅಂತರ ಕೂದಲೆಳೆಯಷ್ಟೂ ಬದಲಾಗದು.

3:2 ಎಂಬುದು ನಿಸರ್ಗಕ್ಕೆಂದು ಹುಟ್ಟಿದ ಆಕಾರವಲ್ಲ ಎಂಬುದನ್ನೂ ನೆನಪಿಡಿ. ಜರ್ಮನಿಯ ಆಸ್ಕರ್ ಬಾರ್ನಾಕ್ ಅವರು ಸಿನಿಮಾದ 35 ಮಿ.ಮೀ. ಫಿಲ್ಮನ್ನು ಅಡ್ಡಲಾಗಿ ಓಡಿಸಿ, 18×24 ಮಿ.ಮೀ.ನ ಎರಡು ಸಿನಿಮಾ ಚೌಕಟ್ಟುಗಳಷ್ಟು ಜಾಗವನ್ನು ಒಂದು ಚಿತ್ರಕ್ಕೆ ಬಳಸಿದರು. ಹಾಗೆ ಬಂದದ್ದು 24×36. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು, ಆ ಅಳತೆ ಇಂದಿಗೂ ನಮ್ಮ ಸೆನ್ಸರ್‌ಗಳಲ್ಲಿ ಉಳಿದಿದೆ. ಅದೇ ಕಾಲದಿಂದ ಮೀಡಿಯಂ ಫಾರ್ಮ್ಯಾಟ್‌ನವರು ಚೌಕದಲ್ಲಿ, ದೊಡ್ಡ ಹಾಳೆ ಫಿಲ್ಮಿನವರು 5:4ರಲ್ಲಿ ನಿಸರ್ಗವನ್ನು ನೋಡುತ್ತಲೇ ಬಂದರು. 1998ರಲ್ಲಿ ಬಂದ ಹ್ಯಾಸೆಲ್‌ಬ್ಲಾಡ್ ಎಕ್ಸ್‌ಪ್ಯಾನ್ ಮಾಮೂಲಿ 35 ಮಿ.ಮೀ. ರೋಲಿನಲ್ಲೇ 24×65 ಮಿ.ಮೀ.ನ ಉದ್ದನೆಯ ಚಿತ್ರ ಕೊಡುತ್ತಿತ್ತು. ಇಂದು ಕೆಲವು ಕ್ಯಾಮೆರಾ ಮೆನುಗಳಲ್ಲಿ ಕಾಣುವ 65:24 ಎಂಬ ವಿಚಿತ್ರ ಸಂಖ್ಯೆ ಅಲ್ಲಿಂದ ಬಂದದ್ದು.

ಈಗ ನಿಮ್ಮ ಕ್ಯಾಮೆರಾ ರಾ ಫೈಲನ್ನು ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ. ಇಲ್ಲಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ. ಕ್ಯಾನನ್ ಆರ್ ಸರಣಿಯಲ್ಲಿ 1:1, 4:3, 16:9 ಯಾವುದನ್ನಿಟ್ಟರೂ ರಾ ಫೈಲ್ ಪೂರ್ತಿ 3:2 ಆಗಿಯೇ ಉಳಿಯುತ್ತದೆ. ಆರಿಸಿದ ಅನುಪಾತ ಬರೀ ಒಂದು ಸೂಚನೆಯಾಗಿ ಫೈಲಿನೊಳಗೆ ಸೇರುತ್ತದೆ. ಸೋನಿ, ಫ್ಯೂಜಿಯಲ್ಲೂ ಸೆನ್ಸರ್‌ನ ಪೂರ್ತಿ ಚಿತ್ರ ರಾದಲ್ಲಿರುತ್ತದೆ. ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್ ಆ ಸೂಚನೆಯನ್ನು ಓದಿ ಚಿತ್ರವನ್ನು ಕ್ರಾಪ್ ಆದಂತೆ ತೋರಿಸುತ್ತದೆ. ಕ್ರಾಪ್ ಟೂಲ್ ತೆರೆದು ರೀಸೆಟ್ ಒತ್ತಿದರೆ ಅಂಚುಗಳೆಲ್ಲ ವಾಪಸು ಬರುತ್ತವೆ. ಕೆಲವು ಉಚಿತ ತಂತ್ರಾಂಶಗಳು ಸೂಚನೆಯನ್ನು ಲೆಕ್ಕಿಸದೆ ನೇರ 3:2 ತೋರಿಸುತ್ತವೆ. ಚಿತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ, ಅಲ್ಲೇ ಮತ್ತೆ ಕ್ರಾಪ್ ಹಾಕಿಕೊಳ್ಳಿ.

ನಿಕಾನ್ ಬೇರೆ. ಅದರ ಝಡ್ ಸರಣಿಯಲ್ಲೂ ಡಿ850ಯಂಥ ಡಿಎಸ್‌ಎಲ್‌ಆರ್‌ಗಳಲ್ಲೂ ಇಮೇಜ್ ಏರಿಯಾ ಎಂಬಲ್ಲಿ 1:1 ಅಥವಾ ಬೇರೆ ಅನುಪಾತ ಆರಿಸಿದರೆ ರಾ ಫೈಲೇ ಕತ್ತರಿಸಿ ಬರುತ್ತದೆ. ಹೊರಗುಳಿದದ್ದು ಎಲ್ಲೂ ಇರುವುದಿಲ್ಲ. ನಿಕಾನ್ ಬಳಸುವವರು ಸೆನ್ಸರ್ ಪೂರ್ತಿ ಬಳಸುವ ಎಫ್‌ಎಕ್ಸ್ ಆಯ್ಕೆಯಲ್ಲೇ ತೆಗೆದು, ಪರದೆಯ ಮೇಲೆ ಗೆರೆಗಳ ಸಹಾಯ ಪಡೆಯುವುದು ಒಳ್ಳೆಯದು. ಝಡ್8, ಝಡ್9ಗಳಲ್ಲಿ ಗ್ರಿಡ್ ಟೈಪ್ ಎಂಬ ಆಯ್ಕೆಯೊಳಗೆ 5:4, 1:1ರಂಥ ಅನುಪಾತಗಳ ಗೆರೆಗಳು ಸಿಗುತ್ತವೆ. ಕ್ಯಾನನ್ ಇದ್ದವರಿಗೂ ಒಂದು ಎಚ್ಚರಿಕೆ: ಅದೇ ಮೆನುವಿನಲ್ಲಿ 1.6 ಎಂಬ ಕ್ರಾಪ್ ಇರುತ್ತದೆ. ಅದು ರಾವನ್ನೂ ನಿಜವಾಗಿ ಕತ್ತರಿಸುತ್ತದೆ, 24 ಮೆಗಾಪಿಕ್ಸೆಲ್ ಸುಮಾರು 9ಕ್ಕೆ ಇಳಿಯುತ್ತದೆ. ಬೆಳಗಿನ ಮಬ್ಬಿನಲ್ಲಿ ಕೈತಪ್ಪಿ ಅದನ್ನು ಒತ್ತಿಕೊಂಡವರು ಬಹಳ ಮಂದಿ.

ಯಾರ ಮಾತನ್ನೂ ನಂಬಬೇಕಿಲ್ಲ, ಹೊರಡುವ ಮುನ್ನ ಮನೆಯಲ್ಲೇ ಪರೀಕ್ಷಿಸಿ. ಗುಣಮಟ್ಟವನ್ನು ರಾ ಜೊತೆಗೆ ಜೆಪೆಗ್ ಎಂದು ಇಡಿ. ಅನುಪಾತ 1:1 ಇಟ್ಟು, ಕಿಟಕಿಯೊಂದರ ಎರಡೂ ಚೌಕಟ್ಟುಗಳು ಪರದೆಯಿಂದ ಸ್ವಲ್ಪವೇ ಆಚೆ ಉಳಿಯುವಂತೆ ಒಂದು ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ರಾ ತೆರೆದು ಕ್ರಾಪ್ ರೀಸೆಟ್ ಮಾಡಿ. ಕಿಟಕಿಯ ಚೌಕಟ್ಟುಗಳು ಕಂಡರೆ ನಿಮ್ಮ ರಾ ಪೂರ್ತಿ ಇದೆ. ಎರಡನ್ನೂ ಸೇರಿಸಿ ತೆಗೆಯಲು ಹೇಳುವುದಕ್ಕೆ ಕಾರಣವಿದೆ: ರಾ ಮಾತ್ರ ಇಟ್ಟಾಗ ಕೆಲವು ಕ್ಯಾಮೆರಾಗಳಲ್ಲಿ ಅನುಪಾತದ ಆಯ್ಕೆಯೇ ಮಂಕಾಗಿ ಹೋಗುತ್ತದೆ. ಹಲವು ಡಿಎಸ್‌ಎಲ್‌ಆರ್‌ಗಳ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕ್ರಾಪ್ ಕಾಣುವುದೂ ಇಲ್ಲ, ಹಿಂಬದಿಯ ಪರದೆಯಲ್ಲಿ ನೋಡುವ ಲೈವ್ ವ್ಯೂನಲ್ಲಿ ಮಾತ್ರ ಕಾಣುತ್ತದೆ.

ಹೊರಗುಳಿದ ಭಾಗವನ್ನು ಹೇಗೆ ತೋರಿಸಬೇಕು ಎಂಬುದಕ್ಕೂ ಹಲವು ಕ್ಯಾನನ್ ಮಾದರಿಗಳಲ್ಲಿ ಆಯ್ಕೆಯಿದೆ: ಕಪ್ಪಾಗಿ ಮುಚ್ಚುವುದು, ಇಲ್ಲವೇ ಬರೀ ಗೆರೆ ಎಳೆಯುವುದು. ಹೊಸದಾಗಿ ಕಲಿಯುವವರು ಕಪ್ಪಾಗಿ ಮುಚ್ಚಿಯೇ ಕೆಲಸ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗೆರೆಯಾಚೆಯ ಮರ, ಮೋಡ ಕಾಣುತ್ತಿದ್ದರೆ ಮನಸ್ಸು ಅದನ್ನೂ ಚಿತ್ರದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಮುಚ್ಚಿದಾಗಲೇ ನಾಲ್ಕು ಅಂಚುಗಳ ಮೇಲೆ ಕಣ್ಣು ಹೋಗುತ್ತದೆ. ಅನುಪಾತವನ್ನು ಒಂದು ಗುಂಡಿಗೋ ಮೈ ಮೆನುವಿಗೋ ಹಾಕಿಕೊಳ್ಳಿ. ಮೂರು ಮೆನು ದಾಟಿ ಹೋಗಬೇಕಾದರೆ ಬೆಳಕು ಓಡುವ ಹೊತ್ತಿನಲ್ಲಿ ಯಾರೂ ಬಳಸುವುದಿಲ್ಲ.

ಲೆಕ್ಕಕ್ಕೆ ಬರೋಣ. ನಿಮ್ಮ 24 ಮೆಗಾಪಿಕ್ಸೆಲ್ ಎಂದರೆ 6000×4000. 4:3ರಲ್ಲಿ 5333×4000, ಅಂದರೆ 21 ಮೆಗಾಪಿಕ್ಸೆಲ್ ಉಳಿಯುತ್ತದೆ. 5:4ರಲ್ಲಿ 20, 16:9ರಲ್ಲಿ 6000×3375 ಆಗಿ 20, ಚೌಕದಲ್ಲಿ 16, 65:24ರಲ್ಲಿ 6000×2215 ಆಗಿ ಸುಮಾರು 13. ನೋಟದ ಕೋನವೂ ಬದಲಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. 24 ಮಿ.ಮೀ. ಲೆನ್ಸ್ 3:2ರಲ್ಲಿ ಅಡ್ಡಲಾಗಿ ಸುಮಾರು 74 ಡಿಗ್ರಿ ನೋಡುತ್ತದೆ. ಚೌಕಕ್ಕೆ ಬಂದಾಗ 53 ಡಿಗ್ರಿ ಮಾತ್ರ. ಮೊದಲಿನಷ್ಟೇ ಅಗಲ ಬೇಕೆಂದರೆ 16 ಮಿ.ಮೀ. ಲೆನ್ಸ್ ಬೇಕಾಗುತ್ತದೆ, ಇಲ್ಲವೇ ಹಿಂದೆ ಸರಿಯಬೇಕು. 24ಕ್ಕಿಂತ ಅಗಲ ಹೋಗದ ನಿಮ್ಮ ಲೆನ್ಸಿನಲ್ಲಿ ಚೌಕ ಇಟ್ಟರೆ ಇಕ್ಕಟ್ಟೆನಿಸುವುದು ಸಹಜ. ಅಲ್ಲಿ ಇಡೀ ಕಣಿವೆಯನ್ನು ತುರುಕಲು ಹೋಗದೆ ಒಂದು ಮರ, ಒಂದು ಬಂಡೆ ಆರಿಸಿಕೊಳ್ಳಿ.

ಯಾವ ದೃಶ್ಯಕ್ಕೆ ಯಾವುದು ಎಂಬ ಪ್ರಶ್ನೆಗೆ ಸೂತ್ರವಿಲ್ಲ. ಆದರೆ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ: ಈ ಚೌಕಟ್ಟಿನಲ್ಲಿ ಸುಮ್ಮನೆ ಕೂತಿರುವ ಭಾಗ ಯಾವುದು? ಮಲೆನಾಡಿನ ಮಳೆಗಾಲದಲ್ಲಿ ಉತ್ತರ ಹೆಚ್ಚಾಗಿ ಆಕಾಶ. ಮೋಡ ಕವಿದ ಆಕಾಶ ಬಿಳಿ ಹಾಳೆಯಂತೆ ಇರುತ್ತದೆ, ಚಿತ್ರದಲ್ಲಿ ಅತಿ ಬೆಳ್ಳಗಿರುವುದು ಅದೇ ಆದ್ದರಿಂದ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಆಗ 16:9 ಇಟ್ಟು ಆಕಾಶವನ್ನು ಒಂದು ಎಳೆಗೆ ಇಳಿಸಿ, ಅಥವಾ ಪೂರ್ತಿ ಬಿಟ್ಟುಬಿಡಿ. ಅದೇ ಆಷಾಢದಲ್ಲಿ ಚಿತ್ರದುರ್ಗದ ಕಡೆ ಹೋದರೆ ಲೆಕ್ಕ ತಲೆಕೆಳಗು. ಗುಡ್ಡದ ಮೇಲಿನ ಗಾಳಿಯಂತ್ರಗಳ ಹಿಂದೆ ಹಿಂಡುಹಿಂಡಾಗಿ ಓಡುವ ಮೋಡ, ಕೆಳಗೆ ಬೋಳು ನೆಲ. ಅಲ್ಲಿ ಚೌಕ ಅಥವಾ 5:4 ಇಟ್ಟು ಮುಕ್ಕಾಲು ಪಾಲು ಆಕಾಶಕ್ಕೇ ಕೊಡಬಹುದು.

ಉದ್ದನೆಯ ಚೌಕಟ್ಟು, ಅಂದರೆ 16:9, 2:1, 65:24, ಅಡ್ಡಡ್ಡ ಪಟ್ಟಿಗಳಿರುವ ದೃಶ್ಯಗಳಿಗೆ ಹೇಳಿಮಾಡಿಸಿದ್ದು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಮತ್ತೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲೆ, ಮರಳು, ತೆಂಗು, ಬಾನು ಎಲ್ಲ ಪಟ್ಟಿಗಳೇ. 3:2ರಲ್ಲಿ ಮೇಲೂ ಕೆಳಗೂ ಖಾಲಿ ಉಳಿದು ಪಟ್ಟಿಗಳು ತೆಳುವಾಗುತ್ತವೆ. ಕುದುರೆಮುಖ, ಮುಳ್ಳಯ್ಯನಗಿರಿ ಸಾಲಿನಲ್ಲಿ ಚಳಿಗಾಲದ ಬೆಳಗ್ಗೆ ಒಂದರ ಹಿಂದೊಂದು ಮಂಜಿನ ಪದರವಾಗಿ ನಿಲ್ಲುವ ಬೆಟ್ಟಸಾಲುಗಳಿಗೂ ಇದೇ. ಆದರೆ ಅಲ್ಲಿ 24 ಮಿ.ಮೀ. ಅಲ್ಲ, ನಿಮ್ಮ ಲೆನ್ಸಿನ 70ರಿಂದ 105ರ ತುದಿ ಬಳಸಿ. ಅಗಲ ಲೆನ್ಸಿನಲ್ಲಿ ಬೆಟ್ಟಗಳು ಇರುವೆ ಸಾಲಾಗುತ್ತವೆ. ಉದ್ದನೆಯ ಚೌಕಟ್ಟಿನ ದೊಡ್ಡ ಅಪಾಯವೆಂದರೆ ನಡುವೆ ಕಣ್ಣು ನಿಲ್ಲಲು ಏನೂ ಇರದಿರುವುದು. ಒಂಟಿ ಮರ, ದೋಣಿ, ಹುಲ್ಲಿನ ಮನೆ, ಏನಾದರೊಂದು ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಲಿ.

ಹತ್ತಿರದ ಕಲ್ಲು, ನಡುವಿನ ನೀರು, ದೂರದ ಬೆಟ್ಟ ಎಂದು ಮೂರು ಪದರ ಜೋಡಿಸುವ ಚಿತ್ರಕ್ಕೆ 4:3 ಅಥವಾ 5:4 ಬಲು ಅನುಕೂಲ. ಅದರಲ್ಲೂ ಕ್ಯಾಮೆರಾವನ್ನು ನಿಲ್ಲಿಸಿ, ಅಂದರೆ ಚೌಕಟ್ಟಿನ ಉದ್ದ ಮೇಲೆ ಕೆಳಗೆ ಬರುವಂತೆ, ಹಿಡಿದಾಗ. 3:2 ನಿಂತ ಚೌಕಟ್ಟು ನಿಸರ್ಗಕ್ಕೆ ತೀರಾ ಉದ್ದವಾಯಿತು. ಕಾಲಬುಡದ ನೆಲವೂ ತಲೆಮೇಲಿನ ಆಕಾಶವೂ ಬೇಡವೆಂದರೂ ತುಂಬಿಕೊಳ್ಳುತ್ತವೆ. 4:3ಕ್ಕೆ ಬಂದರೆ 36 ಮಿ.ಮೀ. ಎತ್ತರದಲ್ಲಿ 4 ಮಿ.ಮೀ. ಹೋಗುತ್ತದೆ, 5:4ಕ್ಕೆ ಬಂದರೆ 6 ಮಿ.ಮೀ. ಸಣ್ಣ ವ್ಯತ್ಯಾಸವೆನಿಸಿದರೂ ಮುನ್ನೆಲೆ ಬಿಗಿಯಾಗುವುದು ಕಣ್ಣಿಗೆ ಕಾಣುತ್ತದೆ. ಹಂಪಿಯ ಮಾತಂಗ ಬೆಟ್ಟದ ಮೇಲಿನಿಂದ ಬಂಡೆರಾಶಿಗಳನ್ನು ಮುಂದಿಟ್ಟುಕೊಂಡು ತೆಗೆಯುವಾಗ ಇದನ್ನು ಮಾಡಿ ನೋಡಿ.

ಜೋಗದಲ್ಲಿ ಎರಡು ಬಗೆ. ಮಳೆಗಾಲದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುವಾಗ ಅಗಲಕ್ಕೂ ಆಳಕ್ಕೂ ಸಮನಾದ ತೂಕ ಬೇಕು, ಅಡ್ಡ 4:3 ಸಾಕು. ನೀರು ಕಡಿಮೆಯಾಗಿ ಒಂದೇ ಕವಲು 253 ಮೀಟರ್ ಎಳೆಯಾಗಿ ಇಳಿಯುವಾಗ ನಿಂತ 16:9 ಚೆನ್ನ. ನಿಂತ 16:9 ನಿಜವಾಗಿ ಕೆಲಸಕ್ಕೆ ಬರುವ ಕೆಲವೇ ಜಾಗಗಳಲ್ಲಿ ಇದೂ ಒಂದು, ಅಡಿಕೆ ತೋಟ ಇನ್ನೊಂದು.

ಚೌಕದ ಗುಣವೇ ಬೇರೆ. ಅದಕ್ಕೆ ಅಡ್ಡ, ಉದ್ದ ಎಂಬ ದಿಕ್ಕಿಲ್ಲ. 3:2ರಲ್ಲಿ ದಿಗಂತ ನಟ್ಟನಡುವೆ ಬಂದರೆ ಚಿತ್ರ ಎರಡು ತುಂಡಾದಂತೆ ಕಾಣುತ್ತದೆ. ಚೌಕದಲ್ಲಿ ಅದನ್ನೇ ಬಲವಾಗಿ ಬಳಸಬಹುದು. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ದೇವಾಲಯವನ್ನೂ ಅದರ ಪ್ರತಿಬಿಂಬವನ್ನೂ ಮೇಲೆ ಕೆಳಗೆ ಸಮನಾಗಿ ಇಟ್ಟರೆ ಹಿಂದಿನ ಕೆಂಪು ಬಂಡೆಯೂ ನೀರಿನಲ್ಲಿ ಕೂತು ಚೌಕ ತಾನಾಗಿ ತುಂಬುತ್ತದೆ. ಗಾಳಿ ಏಳುವ ಮುನ್ನ ಹೋಗಬೇಕು ಅಷ್ಟೆ. ಇದಕ್ಕೆ 24 ಮಿ.ಮೀ. ಬೇಡ, 50ರ ಆಸುಪಾಸಿನಲ್ಲಿ ಶುರುಮಾಡಿ. ಚೌಕದಲ್ಲಿ ನಾಲ್ಕು ಮೂಲೆಗಳಿಗೂ ಒಂದೇ ತೂಕ, ಒಂದು ಮೂಲೆಯಲ್ಲಿ ಇಣುಕುವ ಕೊಂಬೆಯೂ ಎದ್ದು ಕಾಣುತ್ತದೆ. ಶಟರ್ ಒತ್ತುವ ಮುನ್ನ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ.

ರಾ ಪೂರ್ತಿ ಉಳಿಯುವ ಕ್ಯಾಮೆರಾದಲ್ಲಿ ಇನ್ನೊಂದು ದೊಡ್ಡ ಲಾಭವಿದೆ, ಇದನ್ನು ಬಳಸುವವರು ಕಡಿಮೆ. ಎತ್ತರದ ಮರವನ್ನೋ ಗೋಪುರವನ್ನೋ ಹಿಡಿಸಲು ಕ್ಯಾಮೆರಾದ ಮುಖ ಮೇಲಕ್ಕೆತ್ತಿದರೆ ಗೆರೆಗಳು ಮೇಲೆ ಹೋದಂತೆ ಕೂಡಿಕೊಂಡು ಗೋಪುರ ಹಿಂದಕ್ಕೆ ವಾಲಿದಂತಾಗುತ್ತದೆ. ಎತ್ತಬೇಡಿ. ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದು, ಲೆವೆಲ್ ನೋಡಿ ಸಮವಾಗಿಟ್ಟು, ಅನುಪಾತ 1:1 ಇಡಿ. ತೋರಿಸುವ ರೀತಿ ಈ ಸಲ ಗೆರೆಯಿರಲಿ. ಚೌಕದ ಮೇಲೂ ಕೆಳಗೂ ತಲಾ 6 ಮಿ.ಮೀ. ಸೆನ್ಸರ್ ಬಿಡುವಾಗಿ ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ಆ ಚೌಕವನ್ನು ಪೂರ್ತಿ ಮೇಲಕ್ಕೆ ಸರಿಸಿದರೆ ನಟ್ಟನಡುವಿದ್ದ ದಿಗಂತ ಕೆಳಗಿನ ಕಾಲು ಭಾಗಕ್ಕೆ ಇಳಿಯುತ್ತದೆ, ಗೆರೆಗಳು ನೆಟ್ಟಗೇ ಇರುತ್ತವೆ. ಚಿತ್ರವನ್ನು ಮೇಲೆ ಕೆಳಗೆ ಸರಿಸಬಲ್ಲ ದುಬಾರಿ ಶಿಫ್ಟ್ ಲೆನ್ಸ್ ಮಾಡುವ ಕೆಲಸದ ಅರ್ಧದಷ್ಟು ಇಲ್ಲೇ ಆಯಿತು. ಹಂಪಿಯ ವಿರೂಪಾಕ್ಷ ಗೋಪುರ ಸುಮಾರು 50 ಮೀಟರ್ ಎತ್ತರ, ರಥಬೀದಿಯಲ್ಲಿ ಹಿಂದೆ ಸರಿಯಲು ಬೇಕಾದಷ್ಟು ಜಾಗವೂ ಇದೆ. ಅಭ್ಯಾಸಕ್ಕೆ ಒಳ್ಳೆಯ ಸ್ಥಳ. 65:24ರಲ್ಲಿ ಮೇಲೆ ಕೆಳಗೆ ತಲಾ 5.3 ಮಿ.ಮೀ. ಸರಿಸಬಹುದು. 16:9ರಲ್ಲಿ 2 ಮಿ.ಮೀ.ಗೂ ಕಡಿಮೆ, ಅಲ್ಲಿ ಇದರ ಪ್ರಯೋಜನ ಅಷ್ಟಕ್ಕಷ್ಟೆ.

ತಪ್ಪುವುದು ಎಲ್ಲಿ? ಮೊದಲನೆಯದು ಮರೆವು. ಬೆಳಗ್ಗೆ 1:1 ಇಟ್ಟವರು ಮಧ್ಯಾಹ್ನ ಮನೆಯವರ ಗುಂಪು ಚಿತ್ರವನ್ನೂ ಅದರಲ್ಲೇ ತೆಗೆದಿರುತ್ತಾರೆ. ಮೋಡ್ ಡಯಲ್‌ನ ಸಿ1, ಸಿ2 ಸ್ಥಾನಗಳಲ್ಲಿ ಅನುಪಾತ ಸೇರಿಸಿ ಉಳಿಸಿಕೊಳ್ಳಿ, ಡಯಲ್ ತಿರುಗಿಸಿದರೆ ಎಲ್ಲ ಮೊದಲಿನಂತಾಗುತ್ತದೆ. ಎರಡನೆಯದು ಬೆಳಕು. 16:9ರಲ್ಲಿ ಬಿಸಿಲಿನ ಆಕಾಶವನ್ನು ಹೊರಗಿಟ್ಟು ನೆಲಕ್ಕೆ ಸರಿಯಾಗಿ ಎಕ್ಸ್‌ಪೋಷರ್ ಕೊಟ್ಟಿರುತ್ತೀರಿ. ನಾಳೆ ಕ್ರಾಪ್ ತೆಗೆದು ಆಕಾಶ ಸೇರಿಸೋಣವೆಂದರೆ ಅದು ಬೆಳ್ಳಗೆ ಸುಟ್ಟಿರುತ್ತದೆ. ಹೊರಗಿನ ಭಾಗವೂ ಬೇಕಾದೀತು ಎನಿಸಿದರೆ ಒಮ್ಮೆ 3:2ಕ್ಕೆ ಮರಳಿ ಹಿಸ್ಟೋಗ್ರಾಂ (ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ನಕ್ಷೆ) ನೋಡಿ, ಆಕಾಶ ಉಳಿಯುವಂತೆ ಇನ್ನೊಂದು ಚಿತ್ರ ತೆಗೆದಿಡಿ.

ಮೂರನೆಯದು ಓರೆ. ದಿಗಂತ 1 ಡಿಗ್ರಿ ವಾಲಿದ್ದರೆ ನೆಟ್ಟಗೆ ಮಾಡುವಾಗ 3:2ರಲ್ಲಿ ಸುಮಾರು ಶೇ. 5ರಷ್ಟು ಚಿತ್ರ ಹೋಗುತ್ತದೆ. 65:24ರಲ್ಲಿ ಅದೇ 1 ಡಿಗ್ರಿಗೆ ಶೇ. 9ರ ಹತ್ತಿರ. ಚೌಕಟ್ಟು ಉದ್ದವಾದಷ್ಟೂ ಓರೆಯ ದಂಡ ಹೆಚ್ಚು. ಅಗಲ ಲೆನ್ಸಿನ ವಕ್ರತೆ ಸರಿಪಡಿಸುವಾಗಲೂ ಅಂಚು ಸ್ವಲ್ಪ ಹೋಗುವುದರಿಂದ, ಮುಖ್ಯವಾದ ಯಾವುದನ್ನೂ ಅಂಚಿಗೆ ಅಂಟಿಸಬೇಡಿ.

ಫೋನಿನ ಬಗ್ಗೆ ಒಂದು ಮಾತು ಸಾಕು. ಹೆಚ್ಚಿನ ಫೋನ್‌ಗಳ ಮೂಲ ಚಿತ್ರ 4:3. 16:9 ಆರಿಸಿದರೆ ಅಗಲ ಹೆಚ್ಚುವುದಿಲ್ಲ, ಮೇಲೆ ಕೆಳಗೆ ಕತ್ತರಿ ಬೀಳುತ್ತದೆ ಅಷ್ಟೆ.

ನಿಮ್ಮ ಮೆನುವಿನಲ್ಲಿ 65:24 ಇಲ್ಲ. 3 ಇಂಚಿನ 3:2 ಪರದೆಯಾದರೆ ಮೇಲೆ, ಕೆಳಗೆ ಸುಮಾರು 9 ಮಿ.ಮೀ. ಅಗಲದ ಪೇಪರ್ ಟೇಪ್ ಪಟ್ಟಿ ಅಂಟಿಸಿ, ಉಳಿದ ಕಿಂಡಿ ಅದೇ ಆಕಾರ. ಎಲೆಕ್ಟ್ರಿಕ್ ಟೇಪ್ ಬೇಡ, ಅಂಟು ಉಳಿಯುತ್ತದೆ. ಇನ್ನೂ ಒಳ್ಳೆಯ ಸಾಧನ ರಟ್ಟಿನದು. ಎ4 ಅಳತೆಯ ಕಪ್ಪು ರಟ್ಟಿನಲ್ಲಿ 18×12 ಸೆಂ.ಮೀ. ಕಿಂಡಿ ಕೊರೆಯಿರಿ. ಅದು ಫುಲ್‌ಫ್ರೇಮ್ ಸೆನ್ಸರ್‌ನ ಐದು ಪಟ್ಟು. ಒಂದು ಕಣ್ಣು ಮುಚ್ಚಿ, ಲೆನ್ಸಿನ ಮಿ.ಮೀ.ಗೆ ಐದು ಪಟ್ಟು ದೂರದಲ್ಲಿ ಹಿಡಿದರೆ ಆ ಲೆನ್ಸಿನ ನೋಟವೇ ಕಾಣುತ್ತದೆ: 24ಕ್ಕೆ 12 ಸೆಂ.ಮೀ., 50ಕ್ಕೆ 25, 100ಕ್ಕೆ 50. ಇನ್ನೊಂದು ರಟ್ಟಿನ ತುಂಡನ್ನು ಬದಿಯಿಂದ 6 ಸೆಂ.ಮೀ. ಸರಿಸಿ ಮುಚ್ಚಿದರೆ ಚೌಕ, 2 ಸೆಂ.ಮೀ. ಮುಚ್ಚಿದರೆ 4:3. ಟ್ರೈಪಾಡ್ ಬಿಚ್ಚುವ ಮೊದಲು ಇದನ್ನು ಹಿಡಿದು ಅತ್ತಿತ್ತ ಓಡಾಡಿ. ಜಾಗ ಮತ್ತು ಆಕಾರ ಎರಡೂ ಒಟ್ಟಿಗೆ ಗೊತ್ತಾಗುತ್ತವೆ.

ಕೊನೆಗೆ ಪ್ರಿಂಟ್. 12×18, 16×24 ಇಂಚಿನ ಹಾಳೆಗಳು 3:2. 10×8 ಮತ್ತು 20×16 ಅಂದರೆ 5:4. 16×12 ಅಂದರೆ 4:3. ಚೌಕವನ್ನು ಸುಮ್ಮನೆ 12×18ಕ್ಕೆ ಕೊಟ್ಟರೆ ಲ್ಯಾಬಿನ ಯಂತ್ರ ಹಾಳೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿಬಿಡುತ್ತದೆ. ಅವರಿಗೆ ಬಿಡದೆ ನೀವೇ 18×12 ಇಂಚಿನ ಬಿಳಿ ಹಾಳೆ ಮಾಡಿ, ನಡುವೆ 10×10 ಚಿತ್ರ ಕೂರಿಸಿ ಕಳಿಸಿ. ನಿಮ್ಮ 4000 ಪಿಕ್ಸೆಲ್‌ಗಳು ಆ ಅಳತೆಗೆ ಇಂಚಿಗೆ 400ರಂತೆ ಬರುತ್ತವೆ, ಧಾರಾಳವಾಯಿತು. 65:24ರ ಚಿತ್ರವನ್ನು 15 ಇಂಚು ಅಗಲ ಇಟ್ಟರೆ ಎತ್ತರ 5.5 ಇಂಚು; ಒಂದೇ 12×18 ಹಾಳೆಯಲ್ಲಿ ಎರಡು ಹಿಡಿಯುತ್ತವೆ. ನಡುವೆ ಕಾಲು ಇಂಚು ಬಿಟ್ಟು ಜೋಡಿಸಿ, ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ಬ್ಲೇಡಿನಿಂದ ಕತ್ತರಿಸಿಕೊಳ್ಳಿ.